ಕ್ಯಾನ್ಸರ್‌ನಿಂದ ಪೂರ್ತಿ ಗುಣವಾದವರ ಪ್ರಮಾಣ ಲೆಕ್ಕ ಹಾಕುವುದು: ಫಾಲೋಅಪ್ ಪಟ್ಟಿಯಿಂದ ಕ್ಯೂರ್ ಮಾಡೆಲ್‌ವರೆಗೆ

ಸುದ್ದಿಯೇ ಇಲ್ಲದ ರೋಗಿಯನ್ನು ‘ಬದುಕಿದ್ದಾರೆ’ ಎಂದು ಬರೆದುಕೊಂಡರೆ ಯಾವ ಕ್ಯೂರ್ ಮಾಡೆಲ್ (ಪೂರ್ತಿ ಗುಣವಾದವರ ಪಾಲನ್ನು ಅಂದಾಜಿಸುವ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕಿದರೂ ಗುಣ ಪ್ರಮಾಣ ಚೆನ್ನಾಗಿಯೇ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಪ್ರಬಂಧಕ್ಕೆಂದು ಈ ಲೆಕ್ಕಕ್ಕೆ ಕೈ ಹಾಕುವ ಪಿಜಿ ವಿದ್ಯಾರ್ಥಿಗಳು ಬಹುಪಾಲು ಸಿಕ್ಕಿಬೀಳುವುದು ಇಲ್ಲೇ. ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ. ಶೇ 58 ಎಂದೋ ಶೇ 63 ಎಂದೋ ಒಂದು ಅಂಕಿ ಕೊಟ್ಟು ಸುಮ್ಮನಾಗುತ್ತದೆ. ವೈವಾದಲ್ಲಿ ‘ಐದನೇ ವರ್ಷದಲ್ಲಿ ನಿಮ್ಮ ಲೆಕ್ಕದಲ್ಲಿ ಎಷ್ಟು ಜನ ಉಳಿದಿದ್ದರು?’ ಎಂದು ಕೇಳಿದಾಗ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಬರಹದ ಅರ್ಧಕ್ಕೂ ಹೆಚ್ಚು ಭಾಗ ಮಾಡೆಲ್ ಓಡಿಸುವ ಮುಂಚಿನ ಕೆಲಸದ್ದು. ಹಂತಗಳ ಕ್ರಮ ತಪ್ಪಿಸಬೇಡಿ.

ಏನೇನು ಬೇಕು

ಉಚಿತವಾಗಿ ಸಿಗುವ ‘ಆರ್’ ಸಾಫ್ಟ್‌ವೇರ್, ಅದರಲ್ಲಿ ‘ಸರ್ವೈವಲ್’, ‘ಫ್ಲೆಕ್ಸ್‌ಸರ್ವ್‌ಕ್ಯೂರ್’, ‘ಎಸ್‌ಎಂಕ್ಯೂರ್’, ‘ರೆಲ್‌ಸರ್ವ್’ ಎಂಬ ಪ್ಯಾಕೇಜುಗಳು (survival, flexsurvcure, smcure, relsurv). ದಾಖಲೆ ತುಂಬಲು ಒಂದು ಎಕ್ಸೆಲ್ ಹಾಳೆ. ಎಸ್‌ಆರ್‌ಎಸ್ (ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆ) ಪ್ರಕಟಿಸುವ ಕರ್ನಾಟಕದ ಜೀವಿತ ಕೋಷ್ಟಕ (ಯಾವ ವಯಸ್ಸಿನಲ್ಲಿ ಸಾವಿನ ಸಂಭವ ಎಷ್ಟು ಎಂಬ ಪಟ್ಟಿ), ಗಂಡು-ಹೆಣ್ಣು, ಹಳ್ಳಿ-ಪಟ್ಟಣ ಬೇರೆ ಬೇರೆಯಾಗಿ. ನೈತಿಕ ಸಮಿತಿಯ ಅನುಮತಿ ಪತ್ರ, ಅದರಲ್ಲಿ ‘ರೋಗಿಯ ಮನೆಗೆ ಫೋನ್ ಮಾಡಲಾಗುವುದು’ ಎಂಬ ಮಾತು ಸ್ಪಷ್ಟವಾಗಿ ಇರಬೇಕು. ಮಾಮೂಲಿ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು.

ಹಂತ 1: ಈ ಕ್ಯಾನ್ಸರ್‌ಗೆ ಈ ಮಾಡೆಲ್ ಒಗ್ಗುತ್ತದೆಯೇ?

ಕ್ಯೂರ್ ಮಾಡೆಲ್ ಮೂಲದಲ್ಲೇ ಒಂದು ಊಹೆ ಇಟ್ಟುಕೊಂಡಿರುತ್ತದೆ: ರೋಗಿಗಳಲ್ಲಿ ಎರಡು ಗುಂಪು, ಒಂದಕ್ಕೆ ಈ ಕಾಯಿಲೆಯಿಂದ ಇನ್ನು ಸಾವಿಲ್ಲ, ಇನ್ನೊಂದಕ್ಕೆ ಇವತ್ತಲ್ಲ ನಾಳೆ ಇದೆ. ಹಾಜ್‌ಕಿನ್ ಲಿಂಫೋಮಾ, ಮಕ್ಕಳ ಎಎಲ್‌ಎಲ್ ರಕ್ತಕ್ಯಾನ್ಸರ್, ವೃಷಣದ ಜರ್ಮ್ ಸೆಲ್ ಗೆಡ್ಡೆ, ದೊಡ್ಡ ಕರುಳು, ಗರ್ಭಕೊರಳು, ತಲೆ-ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಈ ಊಹೆಗೆ ಆಧಾರವಿದೆ. ನಮ್ಮ ಕಡೆ ಎಲೆ-ಅಡಿಕೆ ಜೊತೆ ಕಡ್ಡಿಪುಡಿ ಜಗಿಯುವ ಹೆಂಗಸರಲ್ಲಿ ಕಾಣುವ ಕೆನ್ನೆಯ ಒಳಭಾಗದ ಕ್ಯಾನ್ಸರ್ ಕೂಡ ಇದೇ ಸಾಲಿನದು. ಮರುಕಳಿಸುವುದಿದ್ದರೆ ಹೆಚ್ಚಿನಂಶ ಮೊದಲ 2–3 ವರ್ಷಗಳಲ್ಲೇ.

ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್ ಹಾಗಲ್ಲ. ಅದು 5 ವರ್ಷ ದಾಟಿದ ಮೇಲೂ, 20 ವರ್ಷದವರೆಗೂ ಮರುಕಳಿಸುತ್ತಲೇ ಇರುತ್ತದೆ. ಅದಕ್ಕೆ 6 ವರ್ಷದ ಫಾಲೋಅಪ್ ಇಟ್ಟುಕೊಂಡು ಕ್ಯೂರ್ ಮಾಡೆಲ್ ಹಾಕುವುದು ವ್ಯರ್ಥ. ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯ ಕ್ಯಾನ್ಸರ್) ಕೂಡ ಅಷ್ಟೇ. ಇವುಗಳಿಗೆ ಮಾಮೂಲಿ ಕಾಕ್ಸ್ ಮಾಡೆಲ್ (ಗುಣವಾದವರನ್ನು ಬೇರೆ ಮಾಡದೆ ಸಾವಿನ ಅಪಾಯವನ್ನಷ್ಟೇ ಹೋಲಿಸುವ ಲೆಕ್ಕ) ಹಾಕಿ ಮುಗಿಸಿ.

ಇನ್ನೊಂದು ಮಾತು. ಇಲ್ಲಿ ‘ಗುಣ’ ಎಂದರೆ ಗುಂಪಿನ ಲೆಕ್ಕ: ಒಂದು ಪಾಲು ರೋಗಿಗಳ ಸಾವಿನ ಅಪಾಯ ಅದೇ ವಯಸ್ಸಿನ ಇತರ ಜನರ ಮಟ್ಟಕ್ಕೆ ಇಳಿದಿದೆ ಎಂದಷ್ಟೇ. ಇಂಥ ರೋಗಿಯೇ ಗುಣವಾದ ಎಂದು ಮಾಡೆಲ್ ಬೆರಳಿಟ್ಟು ತೋರಿಸುವುದಿಲ್ಲ.

ಹಂತ 2: ಮೂರು ದಿನಾಂಕ, ಒಂದು ಘಟನೆ

ಪ್ರತಿ ರೋಗಿಗೂ ಆರಂಭದ ದಿನಾಂಕ, ಕೊನೆಯ ಖಚಿತ ಸುದ್ದಿಯ ದಿನಾಂಕ, ಸಾವಾಗಿದ್ದರೆ ಸಾವಿನ ದಿನಾಂಕ. ಆರಂಭಕ್ಕೆ ಬಯಾಪ್ಸಿ ವರದಿಯ ದಿನಾಂಕವನ್ನೇ ಎಲ್ಲರಿಗೂ ಹಿಡಿಯಿರಿ. ಕೆಲವರಿಗೆ ಬಯಾಪ್ಸಿ, ಕೆಲವರಿಗೆ ಆಪರೇಷನ್, ಕೆಲವರಿಗೆ ಮೊದಲ ಓಪಿಡಿ ಚೀಟಿ ಎಂದು ಬೆರೆಸಿದರೆ ಮುಂದಿನದೆಲ್ಲ ಕೆಡುತ್ತದೆ.

ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು, ಆರೆಂಟು ತಿಂಗಳ ನಂತರ ಹತ್ತಿರವಾಗುತ್ತದೆಂದು ನಿಮ್ಮ ಆಸ್ಪತ್ರೆಗೆ ಹೆಸರು ಹಚ್ಚಿಸಿದವರನ್ನು ಬೇರೆ ಗುರುತು ಮಾಡಿ. ಅವರ ಜೊತೆಗೇ ಆಪರೇಷನ್ ಆಗಿ ನಿಮ್ಮಲ್ಲಿಗೆ ಬರುವ ಮುಂಚೆಯೇ ತೀರಿಕೊಂಡವರು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬಂದವರನ್ನು ಮಾತ್ರ ಬಯಾಪ್ಸಿ ದಿನದಿಂದ ಎಣಿಸಿದರೆ ಆ ತಿಂಗಳುಗಳಲ್ಲಿ ಯಾರೂ ಸಾಯಲಿಲ್ಲ ಎಂದಂತಾಗುತ್ತದೆ. ಮೊದಲ ಲೆಕ್ಕಕ್ಕೆ ಇವರನ್ನು ಹೊರಗಿಡುವುದೇ ಸುಲಭದ ದಾರಿ.

ಘಟನೆ ಯಾವುದು ಎಂದು ಮೊದಲೇ ಬರೆದಿಡಿ: ಯಾವುದೇ ಕಾರಣದ ಸಾವೋ, ಮರುಕಳಿಕೆ ಅಥವಾ ಸಾವೋ. ಹಳ್ಳಿಗಳಲ್ಲಿ ಮನೆಯಲ್ಲೇ ಆದ ಸಾವಿಗೆ ವೈದ್ಯಕೀಯ ಕಾರಣ ಸಿಗುವುದು ಅಪರೂಪ. ಆದ್ದರಿಂದ ‘ಕ್ಯಾನ್ಸರ್‌ನಿಂದಲೇ ಸಾವು’ ಎಂಬುದನ್ನು ಘಟನೆ ಮಾಡಿಕೊಳ್ಳಬೇಡಿ. ಅರ್ಧ ಕಾರಣಗಳನ್ನು ನೀವೇ ಊಹಿಸಿ ತುಂಬಬೇಕಾಗುತ್ತದೆ.

ಹಂತ 3: ಸುದ್ದಿ ಇಲ್ಲದವರನ್ನು ಹುಡುಕುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯಬೇಕಾದ ಹಂತ ಇದು.

ಯಾಕೆಂದು ಒಂದು ಸಣ್ಣ ಲೆಕ್ಕದಲ್ಲಿ ನೋಡಿ. 100 ರೋಗಿಗಳು. 40 ಜನ ತೀರಿಕೊಂಡದ್ದು ಖಚಿತ, 30 ಜನ ಬದುಕಿರುವುದು ಖಚಿತ, ಉಳಿದ 30 ಜನರ ಸುದ್ದಿಯಿಲ್ಲ. ಆ 30 ಜನರನ್ನು ಅಧ್ಯಯನ ಮುಗಿದ ದಿನದವರೆಗೂ ಬದುಕಿದ್ದರೆಂದು ಹಿಡಿದರೆ ಶೇ 60. ಅವರೆಲ್ಲ ಹೋದರೆಂದು ಹಿಡಿದರೆ ಶೇ 30. ಸತ್ಯ ಈ ಎರಡರ ನಡುವೆ ಎಲ್ಲೋ ಇದೆ. ಮಾಡೆಲ್‌ಗೆ ಅದೇನೂ ಗೊತ್ತಿಲ್ಲ. ನೀವು 60 ಕೊಟ್ಟರೆ 60ರ ಸುತ್ತಲೇ ತನ್ನ ವಿಶ್ವಾಸದ ಅಂತರ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಕಟ್ಟಿ ಕೊಡುತ್ತದೆ.

ಹುಡುಕುವ ಕ್ರಮ ಹೀಗಿರಲಿ. ಮೊದಲು ಕೇಸ್ ಶೀಟ್‌ನಲ್ಲಿರುವ ಎಲ್ಲ ಫೋನ್ ನಂಬರ್. ಅದರಲ್ಲಿ ರೋಗಿಯ ಸ್ವಂತ ನಂಬರ್ ಇರುವುದು ಕಡಿಮೆ. ಮಗನದೋ ಅಳಿಯನದೋ ಪಕ್ಕದ ಮನೆಯವರದೋ ಇರುತ್ತದೆ. ಬೆಳಿಗ್ಗೆ ಹೊಲ-ತೋಟ, ಗಾರ್ಮೆಂಟ್ಸ್, ಡೇರಿ ಎಂದು ಎಲ್ಲರೂ ಹೊರಗಿರುತ್ತಾರೆ, ಸಂಜೆ ಏಳರ ಮೇಲೆ ಮಾಡಿ. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡ ಕಡೆಗೆ ತೆಲುಗು ಬರುವವರೇ ಮಾತಾಡಲಿ. ಫೋನಿನಲ್ಲಿ ಕ್ಯಾನ್ಸರ್ ಎಂಬ ಪದ ಬಾಯಿಗೆ ಬರಬಾರದು. ಎಷ್ಟೋ ಮನೆಗಳಲ್ಲಿ ರೋಗಿಗೇ ಹೇಳಿರುವುದಿಲ್ಲ, ಸೊಸೆಯ ತವರಿಗಂತೂ ಗೊತ್ತೇ ಇರುವುದಿಲ್ಲ. ‘ಅಮ್ಮಾ, ಆಸ್ಪತ್ರೆಯಿಂದ ಮಾತಾಡ್ತಾ ಇದೀವಿ, ಯಜಮಾನರು ಚೆಕಪ್‌ಗೆ ಬಂದು ತುಂಬಾ ದಿನ ಆಯ್ತು, ಹೇಗಿದ್ದಾರೆ?’ ಇಷ್ಟು ಸಾಕು. ತೀರಿಕೊಂಡರು ಎಂದರೆ ಮೊದಲು ಒಂದೆರಡು ಸಮಾಧಾನದ ಮಾತು, ಆಮೇಲೆ ದಿನಾಂಕ. ‘ಹೋದ ವರ್ಷ ಯುಗಾದಿ ಆದ ಮೇಲೆ’ ಎಂಬಂಥ ಉತ್ತರ ಬರುತ್ತದೆ. ಅದನ್ನು ಹಾಗೇ ಬರೆದುಕೊಂಡು ಪಂಚಾಂಗ ನೋಡಿ ತಿಂಗಳಿಗೆ ಇಳಿಸಿ, ತಿಂಗಳ 15ನೇ ತಾರೀಖು ಹಾಕಿ, ಪಕ್ಕದ ಕಾಲಂನಲ್ಲಿ ‘ಅಂದಾಜು’ ಎಂದು ಗುರುತಿಡಿ.

ಫೋನ್ ಸಿಗದವರಿಗೆ ಆ ಊರಿನ ಆಶಾ ಕಾರ್ಯಕರ್ತೆ. ಅವರಿಗೂ ಹೆಸರು ಮತ್ತು ಊರಿಗಿಂತ ಹೆಚ್ಚು ಹೇಳಬೇಡಿ. ಆಮೇಲೆ ಜನನ-ಮರಣ ನೋಂದಣಿ. ಸಾವು ನೋಂದಣಿ ಆಗುವುದು ಸಾವಾದ ಜಾಗದಲ್ಲಿ. ಚಿಂತಾಮಣಿಯ ರೋಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ದಾಖಲೆ ಬೆಂಗಳೂರಿನಲ್ಲಿ ಇರುತ್ತದೆ. ಪಾವಗಡದವರು ಮಗಳ ಮನೆ ಹಿಂದೂಪುರದಲ್ಲಿ ಕಣ್ಣು ಮುಚ್ಚಿದ್ದರೆ ಅದು ಆಂಧ್ರದ ಪುಸ್ತಕಕ್ಕೆ ಹೋಗಿರುತ್ತದೆ, ನಮ್ಮ ರಾಜ್ಯದ ನೋಂದಣಿ ತಾಣ ‘ಇ-ಜನ್ಮ’ದಲ್ಲಿ ಎಷ್ಟು ತಡಕಿದರೂ ಸಿಗದು. ಹಾಗಾಗಿ ನೋಂದಣಿಯಲ್ಲಿ ಹೆಸರು ಸಿಗಲಿಲ್ಲ ಎಂಬುದು ಬದುಕಿದ್ದಾರೆ ಎನ್ನುವುದಕ್ಕೆ ಪುರಾವೆ ಆಗುವುದಿಲ್ಲ.

ವಿಳಾಸ ಹೊಂದಿಸುವಾಗ ಇನ್ನೊಂದು ಗೋಜಲು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಳೆಯ ಕೇಸ್ ಶೀಟ್‌ಗಳಲ್ಲಿ ಗೌರಿಬಿದನೂರು, ಶಿಡ್ಲಘಟ್ಟ ಎಲ್ಲ ‘ಕೋಲಾರ ಜಿಲ್ಲೆ’ ಎಂದೇ ಇವೆ. ಜಿಲ್ಲೆಯ ಹೆಸರಿನಿಂದ ಹುಡುಕದೆ ತಾಲ್ಲೂಕು ಮತ್ತು ಊರಿನ ಹೆಸರಿನಿಂದ ಹುಡುಕಿ.

ಇಷ್ಟಾದರೂ ಸಿಗದವರನ್ನು ಕೊನೆಯ ಖಚಿತ ಸುದ್ದಿಯ ದಿನಕ್ಕೇ ಸೆನ್ಸಾರ್ ಮಾಡಿ, ಅಂದರೆ ಅಲ್ಲಿಯವರೆಗೆ ಬದುಕಿದ್ದರು, ಮುಂದಿನದು ಗೊತ್ತಿಲ್ಲ ಎಂದು ಅವರ ಲೆಕ್ಕ ಅಲ್ಲಿಗೇ ನಿಲ್ಲಿಸಿ. ಅಧ್ಯಯನ ಮುಗಿದ ದಿನಕ್ಕೆ ಎಳೆಯಬೇಡಿ. ಹೀಗೆ ಮಾಡಿದರೂ ಪಕ್ಷಪಾತ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಬರುವುದು ನಿಲ್ಲಿಸಿದವರಲ್ಲಿ ಕಾಯಿಲೆ ಜೋರಾದವರೇ ಹೆಚ್ಚು. ಸುದ್ದಿ ಇಲ್ಲದವರು ನೂರಕ್ಕೆ ಇಪ್ಪತ್ತು ದಾಟಿದ್ದರೆ ಮಾಡೆಲ್ ಬಿಟ್ಟು ಇನ್ನೊಂದು ಸುತ್ತು ಹುಡುಕುವುದು ಮೇಲು. ಈ ಇಪ್ಪತ್ತು ನಿಯಮವಲ್ಲ, ನಮ್ಮ ಅಂದಾಜು.

ಹಂತ 4: ಎಕ್ಸೆಲ್ ಹಾಳೆಯ ಶುದ್ಧೀಕರಣ

05/08/2016 ಎಂದರೆ ಆಗಸ್ಟ್ 5, ಆದರೆ ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್ ಅದನ್ನು ಮೇ 8 ಎಂದು ಓದುತ್ತದೆ. ತಾರೀಖು 12 ದಾಟಿದ ಸಾಲುಗಳನ್ನು ಅದು ದಿನಾಂಕವೆಂದೇ ಒಪ್ಪದೆ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ. ಗುರುತು ಹಿಡಿಯುವುದು ಸುಲಭ: ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಹಾಳೆ ಕೆಟ್ಟಿದೆ. ವರ್ಷ, ತಿಂಗಳು, ದಿನ ಮೂರನ್ನೂ ಬೇರೆ ಕಾಲಂಗಳಲ್ಲಿ ತುಂಬಿಸಿದರೆ ಈ ತಲೆನೋವೇ ಇಲ್ಲ.

ದಿನಗಳನ್ನು ತಿಂಗಳಾಗಿಸಲು 30.4375ರಿಂದ ಭಾಗಿಸಿ. ಸೊನ್ನೆ ಮತ್ತು ಋಣ ಬಂದ ಸಾಲುಗಳನ್ನು ಕೇಸ್ ಶೀಟ್ ತೆಗೆದು ನೋಡಿ. ಬಯಾಪ್ಸಿ ದಿನವೇ ಸಾವಾಗಿದ್ದು ನಿಜವಾದರೆ ಅರ್ಧ ದಿನ ಕೊಡಿ. ಸಮಯ ಸೊನ್ನೆ ಇದ್ದರೆ ವೈಬುಲ್ (ಹಂತ 8ರಲ್ಲಿ ಬಳಸುವ, ಸಾವಿನ ಸಮಯಗಳು ಹೇಗೆ ಹರಡುತ್ತವೆ ಎಂದು ಹೇಳುವ ವಿತರಣೆ) ಲೆಕ್ಕ ನಿಂತುಹೋಗುತ್ತದೆ.

ಹಂತ 5: ಕಪ್ಲಾನ್–ಮೇಯರ್ ರೇಖೆಯ ಬಾಲ

ಈಗ ಈ ರೇಖೆ (ಕಾಲ ಕಳೆದಂತೆ ಎಷ್ಟು ಪಾಲು ಜನ ಉಳಿದಿದ್ದಾರೆಂದು ತೋರಿಸುವುದು) ಎಳೆಯಿರಿ, ಕೆಳಗೆ ಪ್ರತಿ 12 ತಿಂಗಳಿಗೆ ‘ಅಪಾಯದಲ್ಲಿ ಉಳಿದವರು’ ಎಷ್ಟು ಎಂಬ ಸಾಲು ಹಾಕಿ. ಆ ಸಾಲಿಲ್ಲದ ರೇಖೆಯನ್ನು ನಂಬಬೇಡಿ. ಕೊನೆಯಲ್ಲಿ ರೇಖೆ ಸಮತಟ್ಟಾಗಿ ಓಡುತ್ತಿದ್ದು, ಅಲ್ಲಿ 40 ಜನ ಉಳಿದಿದ್ದರೆ ಅದಕ್ಕೊಂದು ಅರ್ಥವಿದೆ. ಮೂರು ಜನ ಉಳಿದಿದ್ದರೆ ಸಾಯಲು ಜನವೇ ಇಲ್ಲದ್ದರಿಂದ ರೇಖೆ ಇಳಿದಿಲ್ಲ, ಅಷ್ಟೇ.

ಮಧ್ಯಮ ಫಾಲೋಅಪ್ (ಮೀಡಿಯನ್) ತೆಗೆಯಲು ಘಟನೆಯನ್ನೂ ಸೆನ್ಸಾರನ್ನೂ ಅದಲುಬದಲು ಮಾಡಿ ಅದೇ ರೇಖೆಯನ್ನು ಮತ್ತೊಮ್ಮೆ ಎಳೆಯಬೇಕು. ಎಲ್ಲರ ಸಮಯವನ್ನು ಜೋಡಿಸಿ ನಡುವಿನದು ಹೇಳುವುದು ತಪ್ಪು ಕ್ರಮ. ಬೇಗ ಸತ್ತವರು ಅದನ್ನು ಕೆಳಗೆಳೆಯುತ್ತಾರೆ.

ಹಂತ 6: ಫಾಲೋಅಪ್ ಸಾಕಷ್ಟು ಉದ್ದವಿದೆಯೇ?

ಕಣ್ಣಳತೆಗೆ ಬಿಡದೆ ಮಾಲರ್–ಝೌ ಪರೀಕ್ಷೆ ಮಾಡಿ. ಕ್ಯಾಲ್ಕ್ಯುಲೇಟರ್‌ನಲ್ಲೇ ಆಗುತ್ತದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ತಡವಾಗಿ ಆದ ಸಾವಿನ ಸಮಯ ನೋಡಿ, 96 ತಿಂಗಳು ಎನ್ನಿ. ಎಲ್ಲಕ್ಕಿಂತ ಉದ್ದದ ಫಾಲೋಅಪ್ 99 ತಿಂಗಳು. ಮೊದಲನೆಯದರ ಎರಡರಷ್ಟರಿಂದ ಎರಡನೆಯದನ್ನು ಕಳೆಯಿರಿ: 192 − 99 = 93. ಈಗ 93 ದಾಟಿ 96ರವರೆಗೆ (96 ಸೇರಿಸಿ) ಎಷ್ಟು ಸಾವಾಗಿವೆ ಎಣಿಸಿ. ಆ ಸಂಖ್ಯೆಯನ್ನು ಒಟ್ಟು ರೋಗಿಗಳಿಂದ ಭಾಗಿಸಿ, 1ರಿಂದ ಕಳೆದು, ಒಟ್ಟು ರೋಗಿಗಳ ಸಂಖ್ಯೆಯ ಘಾತಕ್ಕೆ ಏರಿಸಿ. ಉತ್ತರ 0.05ಕ್ಕಿಂತ ಕಡಿಮೆ ಬಂದರೆ ಫಾಲೋಅಪ್ ಸಾಕು.

240 ರೋಗಿಗಳ ಪಟ್ಟಿಯಲ್ಲಿ ಆ ಅವಧಿಯಲ್ಲಿ ಒಂದೇ ಸಾವಿದ್ದರೆ ಉತ್ತರ 0.367, ಎರಡಿದ್ದರೆ 0.134, ಮೂರಿದ್ದರೆ 0.049. ಅಂದರೆ ಪರೀಕ್ಷೆ ನಿಂತಿರುವುದೇ ಮೂರನೆಯ ಸಾವಿನ ಮೇಲೆ. ಇದರ ದೌರ್ಬಲ್ಯವೂ ಇಲ್ಲೇ ಇದೆ. ಯಾರೋ ಒಬ್ಬರ ವರ್ಷವನ್ನು ತಪ್ಪಾಗಿ ತುಂಬಿ ಅವರ ಫಾಲೋಅಪ್ 130 ತಿಂಗಳು ಎಂದು ಬಿದ್ದರೆ, ಅವಧಿ 62ರಿಂದ 96ಕ್ಕೆ ಹಿಗ್ಗುತ್ತದೆ. ಅದರೊಳಗೆ 9 ಸಾವು ಬಂದರೆ ಉತ್ತರ 0.0001. ಫೇಲಾಗಬೇಕಿದ್ದ ಪಟ್ಟಿ ಒಂದೇ ಟೈಪಿಂಗ್ ತಪ್ಪಿನಿಂದ ಡಿಸ್ಟಿಂಕ್ಷನ್‌ನಲ್ಲಿ ಪಾಸು. ಆದ್ದರಿಂದ ಅತಿ ಉದ್ದ ಫಾಲೋಅಪ್‌ನ ಐದು ಮತ್ತು ಅತಿ ತಡದ ಸಾವಿನ ಐದು ಕೇಸ್ ಶೀಟ್‌ಗಳನ್ನು ಕೈಯಲ್ಲಿ ಹಿಡಿದು ನೋಡದೆ ಮುಂದೆ ಹೋಗಬೇಡಿ.

ಫೇಲಾದರೆ ಏನು ಮಾಡಬೇಕು? ಕಾಯಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ 3 ವರ್ಷದ, 5 ವರ್ಷದ ಬದುಕುಳಿಕೆ ಕೊಟ್ಟು, ‘ಗುಣ’ ಎಂಬ ಪದವನ್ನೇ ಬಿಟ್ಟುಬಿಡಿ.

ಹಂತ 7: ಬೇರೆ ಕಾರಣದ ಸಾವನ್ನು ಕಳೆಯುವುದು

ಮಕ್ಕಳ ರಕ್ತಕ್ಯಾನ್ಸರ್ ಆದರೆ ಈ ಹಂತ ಹಾರಿಸಬಹುದು. ಅರವತ್ತು ದಾಟಿದವರಲ್ಲಿ ಹಾರಿಸುವಂತಿಲ್ಲ. ಗುಣವಾದವರೂ ಸಕ್ಕರೆ ಕಾಯಿಲೆ, ಹೃದಯ, ವಯಸ್ಸು ಎಂದು ಹೋಗುತ್ತಲೇ ಇರುವುದರಿಂದ ರೇಖೆ ಸಮತಟ್ಟಾಗುವುದೇ ಇಲ್ಲ.

ಜೀವಿತ ಕೋಷ್ಟಕದಲ್ಲಿ ಐದು ವರ್ಷಗಳ ಸಾವಿನ ಸಂಭವ ಕೊಟ್ಟಿರುತ್ತಾರೆ. ಅದನ್ನು ದರವಾಗಿಸಬೇಕು. ಸಂಭವ 0.06 ಎಂದಿಟ್ಟುಕೊಳ್ಳಿ: 0.94ರ ಸ್ವಾಭಾವಿಕ ಲಾಗರಿದಮ್ (ln) ತೆಗೆದು, ಚಿಹ್ನೆ ಬದಲಿಸಿ, 5ರಿಂದ ಭಾಗಿಸಿದರೆ ವರ್ಷಕ್ಕೆ 0.0124. ನಿಮ್ಮ ಸಮಯ ತಿಂಗಳಲ್ಲಿದ್ದರೆ ಇನ್ನೂ 12ರಿಂದ ಭಾಗಿಸಿ, 0.00103. ಈ 12 ಮರೆತವರು ಬಹಳ. ಮರೆತರೆ ಗುಣ ಪ್ರಮಾಣ ವಿಪರೀತ ಮೇಲೇರುತ್ತದೆ. ಫ್ಲೆಕ್ಸ್‌ಸರ್ವ್‌ಕ್ಯೂರ್‌ನಲ್ಲಿ ಈ ದರಕ್ಕೆ ‘ಬಿಹ್ಯಾಜರ್ಡ್’ (bhazard) ಎಂಬ ಜಾಗವಿದೆ. ಅಲ್ಲಿ ಕೊಡಬೇಕಾದದ್ದು ಸಾವಿನ ದಿನದ ವಯಸ್ಸಿಗೆ ತಕ್ಕ ದರ, ಬಯಾಪ್ಸಿ ದಿನದ ವಯಸ್ಸಿನದಲ್ಲ.

ಬಾಯಿ ಕ್ಯಾನ್ಸರ್ ಲೆಕ್ಕದಲ್ಲಿ ಒಂದು ಎಚ್ಚರಿಕೆ ಬರೆಯಲೇಬೇಕು: ಹೊಗೆಸೊಪ್ಪು, ಬೀಡಿ ಬಳಸುವವರ ಇತರ ಸಾವು ಜನಸಾಮಾನ್ಯರಿಗಿಂತ ಹೆಚ್ಚು. ಕೋಷ್ಟಕ ಅದನ್ನು ಹಿಡಿಯುವುದಿಲ್ಲ, ಹೆಚ್ಚುವರಿ ಸಾವೆಲ್ಲ ಕ್ಯಾನ್ಸರ್ ಖಾತೆಗೆ ಬಿದ್ದು ಗುಣ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಹಂತ 8: ಮಾಡೆಲ್ ಹಾಕುವುದು

ಮಿಶ್ರಣ ಮಾಡೆಲ್‌ನ ಸೂತ್ರ ಇಷ್ಟೇ:

ಒಟ್ಟು ಬದುಕುಳಿಕೆ = ಗುಣ ಪ್ರಮಾಣ + (1 − ಗುಣ ಪ್ರಮಾಣ) × ಗುಣವಾಗದವರ ಬದುಕುಳಿಕೆ

ಮೊದಲು ಯಾವ ಅಂಶವನ್ನೂ ಸೇರಿಸದೆ, ಬರೀ ವೈಬುಲ್‌ನೊಂದಿಗೆ ಫ್ಲೆಕ್ಸ್‌ಸರ್ವ್‌ಕ್ಯೂರ್ ಓಡಿಸಿ. ಮೂರು ಅಂಕಿ ಬರುತ್ತವೆ: ಥೀಟಾ (ಗುಣ ಪ್ರಮಾಣ), ಶೇಪ್ (ವೈಬುಲ್ ರೇಖೆಯ ಆಕಾರ), ಸ್ಕೇಲ್ (ಅದರ ಕಾಲದ ಅಳತೆ). ಥೀಟಾ 0.42, ಶೇಪ್ 1.2, ಸ್ಕೇಲ್ 18 ತಿಂಗಳು ಬಂತೆನ್ನಿ. ಖುಷಿಪಡುವ ಮುಂಚೆ ಒಂದು ತಾಳೆ ನೋಡಿ. ಗುಣವಾಗದವರಲ್ಲಿ ಅರ್ಧ ಜನ ತೀರುವ ಹೊತ್ತು: 0.693ನ್ನು (1 ÷ 1.2) ಘಾತಕ್ಕೆ ಏರಿಸಿ 18ರಿಂದ ಗುಣಿಸಿ, ಸುಮಾರು 13.3 ತಿಂಗಳು. ನೂರರಲ್ಲಿ 99 ಜನ ತೀರುವ ಹೊತ್ತು: 0.693ರ ಜಾಗದಲ್ಲಿ 4.605 ಇಡಿ, ಸುಮಾರು 64 ತಿಂಗಳು. ನಿಮ್ಮ ಪಟ್ಟಿಯಲ್ಲಿ 64 ತಿಂಗಳು ದಾಟಿದವರು ಸಾಕಷ್ಟು ಇದ್ದರೆ ಸರಿ. ಎಲ್ಲರ ಫಾಲೋಅಪ್ 40 ತಿಂಗಳಿಗೇ ಮುಗಿದಿದ್ದರೆ 0.42 ಎಂಬುದು ಕಂಡದ್ದಲ್ಲ, ಮಾಡೆಲ್ ಊಹಿಸಿದ್ದು.

ನಂತರ ವೈಬುಲ್ ಬದಲು ಲಾಗ್‌ನಾರ್ಮಲ್, ಲಾಗ್‌ಲಾಜಿಸ್ಟಿಕ್ ಎಂಬ ವಿತರಣೆಗಳನ್ನು ಹಾಕಿ ನೋಡಿ. ಎಐಸಿ (ಮಾಡೆಲ್ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಕಡಿಮೆ ಬಂದದ್ದನ್ನು ಆರಿಸುವುದು ರೂಢಿ, ಆದರೆ ಇಲ್ಲಿ ಅದಕ್ಕಿಂತ ಥೀಟಾ ಎಷ್ಟು ಅಲ್ಲಾಡಿತು ಎಂಬುದೇ ಮುಖ್ಯ. ಎಐಸಿ ಹತ್ತಿರ ಹತ್ತಿರವಿದ್ದು ಒಂದರಲ್ಲಿ 0.42, ಇನ್ನೊಂದರಲ್ಲಿ 0.21 ಬಂದರೆ ಯಾವುದನ್ನೂ ಬರೆಯಬೇಡಿ. ಫಾಲೋಅಪ್ ಸಾಲದು ಎಂದೇ ಅದರರ್ಥ. ಲಾಗ್‌ನಾರ್ಮಲ್‌ಗೆ ಬಾಲ ಉದ್ದ, ಸಾಮಾನ್ಯವಾಗಿ ಅದರಲ್ಲೇ ಗುಣ ಪ್ರಮಾಣ ಕಡಿಮೆ ಬರುತ್ತದೆ.

ಕೊನೆಗೆ ಕಾಯಿಲೆಯ ಹಂತ, ವಯಸ್ಸು, ಚಿಕಿತ್ಸೆ ಎಂಬ ಅಂಶಗಳನ್ನು ಸೇರಿಸಿ. ಒಂದು ಅಂಶ ಗುಣವಾಗುವವರ ಸಂಖ್ಯೆಯನ್ನು ಬದಲಿಸಬಹುದು, ಅಥವಾ ಗುಣವಾಗದವರ ಸಾವನ್ನು ಮುಂದೂಡಬಹುದು ಅಷ್ಟೇ. ಎರಡೂ ಕಡೆ ಎಲ್ಲ ಅಂಶಗಳನ್ನು ತುರುಕಿದರೆ ಸಣ್ಣ ಪಟ್ಟಿ ತಡೆಯುವುದಿಲ್ಲ. ಅಂದಾಜು ಮಾಡುವ ಒಂದೊಂದು ಗುಣಾಂಕಕ್ಕೂ ಹತ್ತು ಸಾವಾದರೂ ಇರಲಿ.

ಒಂದು ಹಳ್ಳ ಇದೆ, ನೋಡಿ ಕಾಲಿಡಿ. ಫ್ಲೆಕ್ಸ್‌ಸರ್ವ್‌ಕ್ಯೂರ್‌ನ ಥೀಟಾ ಗುಣವಾಗುವ ಸಂಭವ. ಎಸ್‌ಎಂಕ್ಯೂರ್‌ನ ಲಾಜಿಸ್ಟಿಕ್ ಭಾಗ ಹೇಳುವುದು ಗುಣವಾಗದಿರುವ ಸಂಭವ. ಅದೇ ಪಟ್ಟಿ ಎರಡರಲ್ಲೂ ಹಾಕಿದರೆ ಚಿಹ್ನೆ ಉಲ್ಟಾ ಬರುತ್ತದೆ. ಮೂರನೇ ಹಂತದ ಕಾಯಿಲೆಯವರು ಮೊದಲ ಹಂತದವರಿಗಿಂತ ಹೆಚ್ಚು ಗುಣವಾದರು ಎಂದು ಬರೆದಿರುವ ಕರಡುಗಳಿಗೆ ಕಾರಣ ಬಹುತೇಕ ಇದೇ. ಎಸ್‌ಎಂಕ್ಯೂರ್‌ನಲ್ಲಿ ದೋಷಾಂಕಕ್ಕೆ ಬೂಟ್‌ಸ್ಟ್ರ್ಯಾಪ್ (ಪಟ್ಟಿಯಿಂದಲೇ ಮತ್ತೆ ಮತ್ತೆ ಯಾದೃಚ್ಛಿಕವಾಗಿ ರೋಗಿಗಳನ್ನು ಆರಿಸಿ ಲೆಕ್ಕ ಹಾಕುವುದು) 100 ಸಲ ಎಂದಿರುತ್ತದೆ, 500ಕ್ಕೆ ಏರಿಸಿ. ಓಡಿಸುವ ಮುನ್ನ ‘ಸೀಡ್’ (ಆ ಆಯ್ಕೆಯ ಕ್ರಮವನ್ನು ನಿಗದಿ ಮಾಡುವ ಸಂಖ್ಯೆ) ಕೊಟ್ಟು ಬರೆದಿಡಿ, ಇಲ್ಲದಿದ್ದರೆ ನಾಳೆ ಬೇರೆ ಅಂಕಿ ಬರುತ್ತದೆ. ಎಸ್‌ಎಂಕ್ಯೂರ್ ಕೊನೆಯ ಸಾವಿನ ನಂತರ ಉಳಿದವರೆಲ್ಲ ಗುಣವಾದರೆಂದೇ ಹಿಡಿಯುತ್ತದೆ. ಹಂತ 6ರಲ್ಲಿ ಫೇಲಾದ ಪಟ್ಟಿಗೆ ಇದನ್ನು ಹಾಕಲೇಬಾರದು.

ಹಂತ 9: ಕೆಂಪು ದೀಪಗಳು

ಥೀಟಾ ಸೊನ್ನೆಗೆ ಅಂಟಿಕೊಂಡು, ಅದರ ವಿಶ್ವಾಸದ ಅಂತರ 0ಯಿಂದ 1ರವರೆಗೂ ಹರಡಿದರೆ ಪಟ್ಟಿಯಲ್ಲಿ ಗುಣದ ಸುಳಿವಿಲ್ಲ. ಆರಂಭದ ಅಂಕಿಗಳನ್ನು ಬದಲಿಸಿ ಓಡಿಸಿದಾಗ ಉತ್ತರವೂ ಬದಲಾದರೆ ಲೆಕ್ಕ ಇನ್ನೂ ತಳ ಮುಟ್ಟಿಲ್ಲ. ಕಪ್ಲಾನ್–ಮೇಯರ್ ಮೇಲೆ ಮಾಡೆಲ್ ರೇಖೆ ಇಟ್ಟಾಗ ಮೊದಲ ವರ್ಷದಲ್ಲೇ ಎರಡೂ ಬೇರೆಯಾದರೆ ವಿತರಣೆ ಬದಲಿಸಿ.

ಗುಣ ಪ್ರಮಾಣ ಸೊನ್ನೆಯೋ ಅಲ್ಲವೋ ಎಂದು ಲೈಕ್ಲಿಹುಡ್ ಅನುಪಾತ ಪರೀಕ್ಷೆ (ಗುಣದ ಭಾಗ ಇರುವ, ಇಲ್ಲದ ಎರಡು ಮಾಡೆಲ್‌ಗಳ ಹೋಲಿಕೆ) ಮಾಡುವವರು 3.84ಕ್ಕೆ ಹೋಲಿಸುತ್ತಾರೆ. ಸೊನ್ನೆ ಅಂಚಿನಲ್ಲಿರುವುದರಿಂದ ಇಲ್ಲಿ ಹೋಲಿಸಬೇಕಾದದ್ದು 2.71ಕ್ಕೆ.

ಸುದ್ದಿ ಇಲ್ಲದವರೆಲ್ಲ ಕೊನೆಯ ಭೇಟಿಯಾಗಿ ಆರು ತಿಂಗಳಿಗೆ ತೀರಿಕೊಂಡರೆಂದು ಹಿಡಿದು ಇಡೀ ಲೆಕ್ಕವನ್ನು ಇನ್ನೊಮ್ಮೆ ಓಡಿಸಿ. ಎರಡು ಉತ್ತರಗಳನ್ನೂ ಅಕ್ಕಪಕ್ಕ ಪ್ರಕಟಿಸಿ.

ಹಂತ 10: ವರದಿಯಲ್ಲಿ ಏನಿರಬೇಕು

ಗುಣ ಪ್ರಮಾಣ, ಅದರ ಶೇ 95 ವಿಶ್ವಾಸದ ಅಂತರ, ಗುಣವಾಗದವರ ಮಧ್ಯಮ ಬದುಕುಳಿಕೆ, ಸುದ್ದಿ ಇಲ್ಲದವರ ಸಂಖ್ಯೆ, ಮಾಲರ್–ಝೌ ಉತ್ತರ, ಹಾಕಿ ನೋಡಿದ ಎಲ್ಲ ವಿತರಣೆಗಳ ಥೀಟಾ.

ವೈದ್ಯರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವ ಇನ್ನೊಂದು ಅಂಕಿ ಇದೆ: ಇಂತಿಷ್ಟು ಕಾಲ ಬದುಕಿ ಬಂದವರು ಗುಣವಾಗಿರುವ ಸಂಭವ. ಗುಣ ಪ್ರಮಾಣವನ್ನು ಆ ಹೊತ್ತಿನ ಒಟ್ಟು ಬದುಕುಳಿಕೆಯಿಂದ ಭಾಗಿಸಿದರೆ ಸಿಗುತ್ತದೆ. ಮೇಲಿನ ಅಂಕಿಗಳಲ್ಲೇ ಲೆಕ್ಕ ಹಾಕಿದರೆ ಬಯಾಪ್ಸಿ ದಿನ 100ಕ್ಕೆ 42, ಒಂದು ವರ್ಷ ಕಳೆದವರಲ್ಲಿ 57, ಮೂರು ವರ್ಷಕ್ಕೆ 88, ಐದು ವರ್ಷಕ್ಕೆ 98. ಈ ನಾಲ್ಕು ಅಂಕಿಯ ಕೋಷ್ಟಕವನ್ನು ಕಾಯಿಲೆಯ ಹಂತವಾರು ಮಾಡಿ ಕೊಡಿ. ಯಾವ ವರ್ಷದ ನಂತರ ಚೆಕಪ್ ಅಂತರವನ್ನು ಹಿಗ್ಗಿಸಬಹುದು ಎಂದು ಯೋಚಿಸಲು ಅದು ನೆರವಾಗುತ್ತದೆ. ಒಂದು ಹಂತದಲ್ಲಿ 30ಕ್ಕಿಂತ ಕಡಿಮೆ ರೋಗಿಗಳಿದ್ದರೆ ಆ ಸಾಲನ್ನು ಖಾಲಿ ಬಿಟ್ಟು, ಖಾಲಿ ಯಾಕೆಂದು ಅಡಿಯಲ್ಲಿ ಬರೆಯಿರಿ.